ಮಗಳು ದುಡಿದು ಮಾಡಿದ ಮನೆ ತಾಯಿಗೆ ಯಾಕೆ ಬರುವುದಿಲ್ಲ? ಈ ಕಾನೂನನ್ನು ಕರ್ನಾಟಕದಲ್ಲಿ ಬದಲಾಯಿಸುವುದು ಹೇಗೆ?

ಸುಮಾ_ಹಾಸನ

ಎಲ್ಲರಿಗೂ ನಮಸ್ಕಾರ. ಕೇಸ್ ಗೆಲ್ಲುವುದು ಹೇಗೆ ಎಂದು ಕೇಳಲು ಬಂದಿಲ್ಲ. ನಮ್ಮ ಮನೆಯ ವಿಷಯದಲ್ಲಿ ಗೆಲ್ಲಲು ಏನೂ ಉಳಿದಿಲ್ಲ ಅಂತ ವಕೀಲರು ಹೇಳಿಯಾಗಿದೆ. ಕಾನೂನೇ ಬದಲಾಗಬೇಕು ಅಂದರೆ ನಮ್ಮಂಥವರು ಎಲ್ಲಿಂದ ಶುರು ಮಾಡಬೇಕು, ಅದು ಗೊತ್ತಾಗಬೇಕು.

ನನ್ನ ಅಕ್ಕ ಟೀಚರ್ ಆಗಿದ್ದಳು. ಭಾವ ತೀರಿಕೊಂಡು ತುಂಬಾ ವರ್ಷ ಆಗಿತ್ತು. ಮಕ್ಕಳಿರಲಿಲ್ಲ. ಭಾವ ಹೋದ ಮೇಲೆ ಅಮ್ಮ ಅಕ್ಕನ ಜೊತೆಯಲ್ಲೇ ಇದ್ದರು. ಅಕ್ಕ ತನ್ನ ಸಂಬಳದಿಂದ, ಬ್ಯಾಂಕ್ ಸಾಲ ತೆಗೆದು, ಒಂದು ಸಣ್ಣ ಮನೆ ಕಟ್ಟಿಸಿದಳು. ಸಾಲವನ್ನೂ ತಾನೇ ತೀರಿಸಿದಳು. ವಿಲ್ ಬರೆಯಲಿಲ್ಲ. ಐವತ್ತು ದಾಟಿದ ಹೆಂಗಸಿಗೆ ವಿಲ್ ಬರೆಯಬೇಕು ಅಂತ ಯಾರು ತಾನೇ ಹೇಳುತ್ತಾರೆ?

ಅಕ್ಕ ತೀರಿಕೊಂಡ ಕೆಲವೇ ತಿಂಗಳಿಗೆ ಭಾವನ ಅಣ್ಣ, ತಮ್ಮ ಬಂದು ಮನೆ ತಮ್ಮದು ಅಂದರು. ಅಕ್ಕ ಆಸ್ಪತ್ರೆಯಲ್ಲಿದ್ದಾಗ ಅವರು ನೋಡಲೂ ಬಂದಿರಲಿಲ್ಲ. ಆದರೆ ಕಾನೂನು ಅವರ ಕಡೆಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆ 1956, ಸೆಕ್ಷನ್ 15. ಹೆಣ್ಣು ವಿಲ್ ಬರೆಯದೆ ತೀರಿಕೊಂಡರೆ ಮೊದಲು ಮಕ್ಕಳು ಮತ್ತು ಗಂಡ. ಅವರಿಲ್ಲದಿದ್ದರೆ ಗಂಡನ ವಾರಸುದಾರರು. ಅವರ ನಂತರ ಹೆತ್ತ ತಾಯಿ, ತಂದೆ. ಅಂದರೆ ಭಾವನ ತಮ್ಮನ ಸಾಲಿನ ಹಿಂದೆ ನನ್ನ ಅಮ್ಮ ನಿಲ್ಲಬೇಕು. ಅದೇ ಒಬ್ಬ ಮಗ ತೀರಿಕೊಂಡರೆ ತಾಯಿ ಮೊದಲ ಸಾಲಿನಲ್ಲೇ ಇರುತ್ತಾಳೆ, ಸೊಸೆ ಮತ್ತು ಮೊಮ್ಮಕ್ಕಳ ಸಮಕ್ಕೆ.

ಅಮ್ಮ ಈಗ ನನ್ನ ಮನೆಯಲ್ಲಿದ್ದಾರೆ. ಇದನ್ನು ಬದಲಾಯಿಸಲು ಸಾಧ್ಯವಾ? ಕರ್ನಾಟಕದಲ್ಲಿ ಇದ್ದುಕೊಂಡೇ?

ರವಿ_ಮಂಡ್ಯ

ಮೇಡಂ, ನಿಮ್ಮ ತಾಯಿಗೆ ಆದದ್ದು ಅನ್ಯಾಯವೇ. ಆದರೆ ಇದು ಪಾರ್ಲಿಮೆಂಟ್ ಮಾಡಿದ ಕಾನೂನು. ದೆಹಲಿಯಲ್ಲಿ ಬದಲಾಗಬೇಕು. ಇಲ್ಲಿನ ಎಂಎಲ್ಎಗೆ ಅರ್ಜಿ ಕೊಟ್ಟರೆ ನಿಮ್ಮ ಸಮಯ ಹಾಳು. ಅದರ ಬದಲು ಮನೆಯಲ್ಲಿರುವ ಎಲ್ಲ ಹೆಣ್ಣುಮಕ್ಕಳಿಗೂ ವಿಲ್ ಬರೆಸಿ. ಅದು ಇವತ್ತೇ ಆಗುವ ಕೆಲಸ.

ವಕೀಲ_ಧಾರವಾಡ

ರವಿ ಅವರ ವಿಲ್ ಸಲಹೆ ನೂರಕ್ಕೆ ನೂರು ಸರಿ. ಆದರೆ "ದೆಹಲಿಯಲ್ಲೇ ಬದಲಾಗಬೇಕು" ಅನ್ನುವುದು ಸರಿಯಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಒಂದು ತಪ್ಪು ತಿಳಿವಳಿಕೆಯಿಂದಲೇ ಎಷ್ಟೋ ಜನ ಹೆಜ್ಜೆ ಇಡುವ ಮೊದಲೇ ಕೈಬಿಡುತ್ತಾರೆ.

ಮದುವೆ, ವಿಚ್ಛೇದನ, ದತ್ತು, ವಿಲ್, ವಾರಸು, ಅವಿಭಕ್ತ ಕುಟುಂಬ, ಪಾಲು, ಇವೆಲ್ಲ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿ ಬರುತ್ತವೆ. ಈ ಪಟ್ಟಿಯ ವಿಷಯಗಳ ಮೇಲೆ ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಎರಡಕ್ಕೂ ತಿಕ್ಕಾಟ ಬಂದರೆ ಕೇಂದ್ರದ್ದು ನಿಲ್ಲುತ್ತದೆ. ಆದರೆ ರಾಜ್ಯದ ವಿಧೇಯಕವನ್ನು ರಾಜ್ಯಪಾಲರು ರಾಷ್ಟ್ರಪತಿಗೆ ಕಳಿಸಿ, ಅವರ ಅಂಕಿತ ಸಿಕ್ಕರೆ, ಆ ರಾಜ್ಯದ ಮಟ್ಟಿಗೆ ರಾಜ್ಯದ್ದೇ ನಡೆಯುತ್ತದೆ. 254(2)ನೇ ವಿಧಿ.

ಇದು ಬರೀ ಪುಸ್ತಕದ ಮಾತಲ್ಲ. ನಮ್ಮ ರಾಜ್ಯವೇ ಮಾಡಿ ತೋರಿಸಿದೆ. ಇದೇ 1956ರ ಕಾಯ್ದೆಗೆ ಕರ್ನಾಟಕ ತಿದ್ದುಪಡಿ ತಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಹಕ್ಕು ಕೊಟ್ಟದ್ದು 1994ರ ಜುಲೈ 30ರಿಂದ. ಇಡೀ ದೇಶಕ್ಕೆ ಆ ಹಕ್ಕು ಬಂದದ್ದು 2005ರ ಸೆಪ್ಟೆಂಬರ್ 9ರಂದು. ಅಂದರೆ ನಾವು ಹನ್ನೊಂದು ವರ್ಷ ಮುಂದಿದ್ದೆವು. ಆಂಧ್ರ, ತಮಿಳುನಾಡು ನಮಗಿಂತ ಮೊದಲೇ ಮಾಡಿದ್ದವು. ಮಹಾರಾಷ್ಟ್ರ ನಮ್ಮ ಜೊತೆಜೊತೆಗೇ ಮಾಡಿತು. ನಾಲ್ಕು ರಾಜ್ಯಗಳಲ್ಲಿ ನಡೆದು ತೋರಿಸಿದ ಮೇಲೆ ದೆಹಲಿ ಒಪ್ಪಿಕೊಂಡಿತು.

ಇನ್ನೊಂದು ಉದಾಹರಣೆ ಬಾಲ್ಯವಿವಾಹ. ಕೇಂದ್ರದ 2006ರ ಕಾಯ್ದೆಯ ಪ್ರಕಾರ ಬಾಲ್ಯವಿವಾಹ ತಾನಾಗಿಯೇ ಅಸಿಂಧು ಆಗುವುದಿಲ್ಲ. ಮದುವೆಯಾದ ಮಗುವೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ಕರ್ನಾಟಕ ತನ್ನ ತಿದ್ದುಪಡಿಯಲ್ಲಿ, ಅಂಥ ಮದುವೆ ಮೊದಲ ಕ್ಷಣದಿಂದಲೇ ಅಸಿಂಧು ಎಂದಿತು. ಅದೇ ವರ್ಷ, 2017ರ ಅಕ್ಟೋಬರ್‌ನಲ್ಲಿ, ಸುಪ್ರೀಂ ಕೋರ್ಟ್ ಬೇರೆ ರಾಜ್ಯಗಳೂ ಕರ್ನಾಟಕದ ದಾರಿ ಹಿಡಿಯುವುದು ಒಳ್ಳೆಯದು ಎಂದು ತೀರ್ಪಿನಲ್ಲೇ ಬರೆಯಿತು.

ಹಾಗಾಗಿ ಸುಮಾ ಅವರೇ, ಸೆಕ್ಷನ್ 15ನ್ನು ಕರ್ನಾಟಕದ ಮಟ್ಟಿಗೆ ತಿದ್ದಲು ನಮ್ಮ ವಿಧಾನಮಂಡಲಕ್ಕೆ ಅಧಿಕಾರ ಇದೆ. ಈ ಬಗ್ಗೆ ಅನುಮಾನವೇ ಬೇಡ.

ರವಿ_ಮಂಡ್ಯ

ಸರಿ, ಅಧಿಕಾರ ಇದೆ. ಮನಸ್ಸು ಇರಬೇಕಲ್ಲ? ಇನ್ನೊಂದು ಮಾತೂ ಇದೆ. ಗಂಡನ ಮನೆಯವರು ಎಲ್ಲರೂ ಕೆಟ್ಟವರಲ್ಲ. ಸೊಸೆಯನ್ನು ಮಗಳ ಹಾಗೆ ನೋಡಿಕೊಂಡ ಅತ್ತೆ ಇರುತ್ತಾರೆ. ಗಂಡ ಮಾಡಿದ ಆಸ್ತಿ ಹೆಂಡತಿಯ ಹೆಸರಿಗೆ ಬಂದು, ಅವಳು ಹೋದ ಮೇಲೆ ಅವಳ ತವರಿಗೆ ಹೋದರೆ ಅದು ನ್ಯಾಯವಾ?

ವಕೀಲ_ಧಾರವಾಡ

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಇಟ್ಟುಕೊಳ್ಳದೆ ಯಾರ ಹತ್ತಿರವೂ ಹೋಗಬಾರದು.

ಸೆಕ್ಷನ್ 15(2) ನೋಡಿ. ಮಕ್ಕಳಿಲ್ಲದ ಹೆಣ್ಣಿಗೆ ತಂದೆ-ತಾಯಿಯಿಂದ ವಾರಸಾಗಿ ಬಂದ ಆಸ್ತಿ ತಂದೆಯ ವಾರಸುದಾರರಿಗೆ ವಾಪಸ್ ಹೋಗುತ್ತದೆ. ಗಂಡನಿಂದ ಅಥವಾ ಮಾವನಿಂದ ವಾರಸಾಗಿ ಬಂದದ್ದು ಗಂಡನ ವಾರಸುದಾರರಿಗೆ ಹೋಗುತ್ತದೆ. ಎಲ್ಲಿಂದ ಬಂತೋ ಅಲ್ಲಿಗೆ, ಅಷ್ಟೇ. ಅದನ್ನು ಯಾರೂ ಮುಟ್ಟುತ್ತಿಲ್ಲ. ಕಾನೂನಿನಲ್ಲಿ ಖಾಲಿ ಇರುವ ಜಾಗ ಒಂದೇ, ಅವಳೇ ದುಡಿದು ಮಾಡಿದ ಆಸ್ತಿ. 1956ರಲ್ಲಿ ಹೆಣ್ಣು ಸಂಬಳ ತಂದು ಮನೆ ಕಟ್ಟಿಸುತ್ತಾಳೆ ಅನ್ನುವ ಯೋಚನೆಯೇ ಕಾನೂನು ಬರೆದವರಿಗೆ ಇದ್ದಂತಿಲ್ಲ. ಹಾಗಾಗಿ ಅದು ಸಾಮಾನ್ಯ ಸಾಲಿಗೆ ಬಿದ್ದು ಗಂಡನ ಕಡೆ ಹೋಗುತ್ತದೆ.

ನಾರಾಯಣಿ ದೇವಿ ಎಂಬವರ ಪ್ರಕರಣ ಎಲ್ಲ ವಕೀಲರಿಗೂ ಗೊತ್ತು. 1955ರಲ್ಲಿ ಮದುವೆ. ಮೂರೇ ತಿಂಗಳಿಗೆ ಗಂಡ ತೀರಿಕೊಂಡ. ಗಂಡನ ಮನೆಯವರು ಹೊರಗೆ ಹಾಕಿದರು. ತವರಿನವರು ಓದಿಸಿದರು, ಕೆಲಸಕ್ಕೆ ಸೇರಿದರು. 1996ರಲ್ಲಿ ತೀರಿಕೊಂಡಾಗ ಬ್ಯಾಂಕಿನಲ್ಲಿ, ಪಿಎಫ್‌ನಲ್ಲಿ ಸಾಕಷ್ಟು ಹಣ ಇತ್ತು. ತಾಯಿ ಕೇಳಿದರು. ಗಂಡನ ಅಕ್ಕತಂಗಿಯರ ಮಕ್ಕಳೂ ಕೇಳಿದರು. 2009ರಲ್ಲಿ ಸುಪ್ರೀಂ ಕೋರ್ಟ್, ಅನುಕಂಪ ಬೇರೆ ಕಾನೂನು ಬೇರೆ ಎಂಬ ನಿಲುವು ತೆಗೆದುಕೊಂಡು ಗಂಡನ ಕಡೆಯವರಿಗೇ ಕೊಟ್ಟಿತು. ಕೋರ್ಟ್ ಮುಂದೆ ಇದ್ದ ಕಾನೂನಿನ ಮಾತು ಅಷ್ಟು ಸ್ಪಷ್ಟವಾಗಿತ್ತು.

ಅದಕ್ಕೂ ಮೊದಲೇ, 2008ರಲ್ಲಿ, ಕೇಂದ್ರ ಕಾನೂನು ಆಯೋಗ ತನ್ನ 207ನೇ ವರದಿಯನ್ನು ಬರೀ ಈ ವಿಷಯದ ಮೇಲೆಯೇ ಕೊಟ್ಟಿತ್ತು. ಹೆಣ್ಣಿನ ಸ್ವಯಾರ್ಜಿತ ಆಸ್ತಿಯಲ್ಲಿ ಗಂಡನ ಕಡೆಯವರ ಜೊತೆಗೆ ತವರಿನವರಿಗೂ ಪಾಲು ಸಿಗಬೇಕು ಎಂದು ಹೇಳಿತ್ತು. ವರದಿ ಇನ್ನೂ ವರದಿಯಾಗಿಯೇ ಇದೆ.

ಉಡುಪಿ_ಮಗಳು

ಈ ಚರ್ಚೆ ಓದುತ್ತಿದ್ದಾಗ ನನಗೆ ಹೇಳಲೇಬೇಕು ಅನ್ನಿಸಿತು. ನಾವು ಅಳಿಯಸಂತಾನದವರು, ಅಂದರೆ ವಂಶ, ಆಸ್ತಿ ತಾಯಿಯ ಕಡೆಯಿಂದ ನಡೆದು ಬರುವವರು. ನಮ್ಮಲ್ಲಿ ಈ ನಿಯಮ ಹೀಗಿಲ್ಲ!

ಅದೇ ಕಾಯ್ದೆಯ ಸೆಕ್ಷನ್ 17 ತೆಗೆದು ನೋಡಿ. ಅಳಿಯಸಂತಾನ ಮತ್ತು ಕೇರಳದ ಮರುಮಕ್ಕತ್ತಾಯಂ ಪದ್ಧತಿಗೆ ಸೇರಿದವರಿಗೆ ಸೆಕ್ಷನ್ 15ರ ಸಾಲನ್ನೇ ಬದಲಾಯಿಸಿ ಬರೆದಿದ್ದಾರೆ. ಮೊದಲು ಮಕ್ಕಳು ಮತ್ತು ತಾಯಿ. ಎರಡನೆಯದಾಗಿ ತಂದೆ ಮತ್ತು ಗಂಡ. ಆಮೇಲೆ ತಾಯಿಯ ವಾರಸುದಾರರು, ನಂತರ ತಂದೆಯ ವಾರಸುದಾರರು. ಗಂಡನ ವಾರಸುದಾರರು ಕಟ್ಟಕಡೆಗೆ.

ನನ್ನ ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ಅವರು ಹೋದಾಗ ಅವರ ಆಸ್ತಿ ಅಜ್ಜಿಗೆ ಬಂತು. ಯಾರೂ ತಕರಾರು ತೆಗೆಯಲಿಲ್ಲ. ನಮ್ಮಲ್ಲಿ ಅದು ಸಹಜ. ಅಂದರೆ ಇದೇ ರಾಜ್ಯದಲ್ಲಿ, ಇದೇ ಕಾಯ್ದೆಯ ಕೆಳಗೆ, ಕರಾವಳಿಯ ಒಬ್ಬ ತಾಯಿಗೆ ಮಗಳ ಮನೆ ಬರುತ್ತದೆ. ಘಟ್ಟ ಹತ್ತಿದರೆ ಹಾಸನದ ತಾಯಿಗೆ ಬರುವುದಿಲ್ಲ. ಈ ನಿಯಮದಿಂದ ನಮ್ಮ ಊರಿನ ಸಂಸಾರಗಳೇನೂ ಮುರಿದುಬಿದ್ದಿಲ್ಲ. ನೀವು ಕೇಳುತ್ತಿರುವುದು ಹೊಸದೇನೂ ಅಲ್ಲ ಅಂತ ಶಾಸಕರಿಗೆ ಇದನ್ನೇ ತೋರಿಸಿ.

ಸುಮಾ_ಹಾಸನ

ಇದು ನನಗೆ ಗೊತ್ತೇ ಇರಲಿಲ್ಲ. ನಾವು ಮಾತಾಡಿದ ವಕೀಲರೂ ಹೇಳಲಿಲ್ಲ. ತುಂಬಾ ಧನ್ಯವಾದ ಅಕ್ಕ. ಅಮ್ಮನಿಗೆ ಓದಿ ಹೇಳಿದೆ. "ಹಾಗಾದರೆ ಅವರು ಬರೆಯಬಲ್ಲರು, ನಮಗೆ ಬರೆದಿಲ್ಲ ಅಷ್ಟೇ" ಅಂದರು.

ವಕೀಲ_ಧಾರವಾಡ

ಉಡುಪಿಯವರು ಹೇಳಿದ್ದು ಈ ಚರ್ಚೆಯ ಅತಿ ಗಟ್ಟಿ ಅಂಶ. ನಾನು ಕರಡು ಬರೆದರೆ ಸೆಕ್ಷನ್ 17ರ ಮಾತುಗಳನ್ನೇ ಎದುರಿಗೆ ಇಟ್ಟುಕೊಳ್ಳುತ್ತೇನೆ. ಪಾರ್ಲಿಮೆಂಟೇ ಒಪ್ಪಿ, ಸುಮಾರು 70 ವರ್ಷದಿಂದ ನಡೆದುಬಂದ ವಾಕ್ಯ ಅದು. ಅದನ್ನು ಅಪಾಯಕಾರಿ ಎಂದು ಯಾರೂ ಹೇಳಲಾರರು.

ಗಿರಿಜಾ_ಶಿವಮೊಗ್ಗ

ಎಲ್ಲರೂ 1994ರ ಕಾನೂನನ್ನು ಹೊಗಳುತ್ತಿದ್ದೀರಿ. ಅದರ ಇನ್ನೊಂದು ಮುಖವನ್ನೂ ಕೇಳಿ.

ನನ್ನ ಮದುವೆ ಆದದ್ದು 1993ರಲ್ಲಿ. ತಂಗಿಯ ಮದುವೆ 1996ರಲ್ಲಿ. 1999ರಲ್ಲಿ ಮನೆಯಲ್ಲಿ ಪಾಲಾಯಿತು, ನೋಂದಣಿಯೂ ಆಯಿತು. ತಂಗಿಗೆ ಅಣ್ಣನ ಸಮ ಪಾಲು ಬಂತು. ನನಗೆ ಅರಿಶಿನ ಕುಂಕುಮಕ್ಕೆ ಅಂತ ಏನೋ ಕೊಟ್ಟರು. ಯಾಕೆ ಗೊತ್ತಾ? ಕರ್ನಾಟಕದ ಆ ತಿದ್ದುಪಡಿಯಲ್ಲಿ ಒಂದು ಸಾಲು ಇತ್ತು. ಕಾಯ್ದೆ ಜಾರಿಗೆ ಬರುವ ಮೊದಲು ಮದುವೆಯಾದ ಮಗಳಿಗೆ ಇದು ಅನ್ವಯಿಸುವುದಿಲ್ಲ ಅಂತ. ಒಂದೇ ತಾಯಿಯ ಮಕ್ಕಳು ನಾವು. ಲಗ್ನಪತ್ರಿಕೆಯ ತಾರೀಕು ನೋಡಿ ಒಬ್ಬಳಿಗೆ ಹಕ್ಕು, ಒಬ್ಬಳಿಗಿಲ್ಲ.

2005ರ ಕೇಂದ್ರ ಕಾಯ್ದೆ ಬಂದಾಗ ಆ ಭೇದ ಹೋಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಬದುಕಿರಲಿ ಇಲ್ಲದಿರಲಿ ಎಂದಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾಗಿ ಆಗಿಹೋದ ಪಾಲನ್ನು ಯಾರೂ ತೆರೆಯುವಂತಿಲ್ಲ. ನನ್ನಂಥವರು ಎರಡು ಕಾನೂನುಗಳ ಮಧ್ಯೆ ಉಳಿದುಬಿಟ್ಟೆವು.

ಅದಕ್ಕೇ ಹೇಳುವುದು. ಸುಮ್ನೆ "ಕಾನೂನು ಬದಲಾಯಿಸಿ" ಅಂತ ಮನವಿ ಕೊಡಬೇಡಿ. ಹೇಗೆ ಬದಲಾಗಬೇಕು ಅನ್ನುವ ವಾಕ್ಯವನ್ನು ನೀವೇ ಬರೆದು ಕೊಡಿ. ಬರೆಯುವುದನ್ನು ಬೇರೆಯವರಿಗೆ ಬಿಟ್ಟರೆ, ಕೊನೆಯ ಗಳಿಗೆಯಲ್ಲಿ ಯಾರನ್ನೋ ಸಮಾಧಾನ ಮಾಡಲು ಒಂದು ಸಾಲು ಸೇರಿಸುತ್ತಾರೆ. ಆ ಒಂದು ಸಾಲಿನಲ್ಲಿ ಸಾವಿರಾರು ಹೆಂಗಸರು ಹೊರಗೆ ಹೋಗುತ್ತಾರೆ. 1994ಕ್ಕೆ ಮೊದಲೇ ಮದುವೆಯಾಗಿದ್ದ ನಮ್ಮನ್ನು ಯಾರೂ ಕೇಳಿರಲಿಲ್ಲ.

ನಿವೃತ್ತ_ವಿಧಾನಸೌಧ

ಗಿರಿಜಾ ಅವರ ಮಾತನ್ನು ದಯವಿಟ್ಟು ಎಲ್ಲರೂ ಎರಡು ಸಲ ಓದಿ. ನಾನು ಸಚಿವಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಫೈಲ್ ಹೇಗೆ ನಡೆಯುತ್ತದೆ ಅನ್ನುವುದನ್ನು ಹೇಳಬಲ್ಲೆ.

ಮೊದಲ ಮಾತು. ಜನ ಮುಖ್ಯಮಂತ್ರಿಗಳ ಜನತಾ ದರ್ಶನಕ್ಕೆ ಹೋಗಿ ಮನವಿ ಕೊಡುತ್ತಾರೆ. ಹಿಂಬರಹ ಬರುತ್ತದೆ. ಅಲ್ಲಿಗೆ ಮುಗಿಯುತ್ತದೆ. ಕಾನೂನು ತಿದ್ದುಪಡಿಗೆ ಆ ದಾರಿ ಸಾಲದು. ಒಂದು ಇಲಾಖೆ "ಇದು ನನ್ನ ಪ್ರಸ್ತಾವ" ಎಂದು ಫೈಲ್ ತೆರೆಯಬೇಕು. ಹೆಣ್ಣಿನ ವಾರಸು ಹಕ್ಕಿನ ವಿಷಯವಾದ್ದರಿಂದ ಕಾನೂನು ಇಲಾಖೆ ತೆರೆಯಬಹುದು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೂ ತೆರೆಯಬಹುದು. ಇಬ್ಬರಿಗೂ ಕೊಡಿ. ಇಲ್ಲದಿದ್ದರೆ ಇವರು ಅವರದು ಅನ್ನುತ್ತಾರೆ, ಅವರು ಇವರದು ಅನ್ನುತ್ತಾರೆ.

ಫೈಲ್ ತೆರೆದ ಮೇಲೆ ಕಾನೂನು ಇಲಾಖೆಯ ಅಭಿಪ್ರಾಯ, ಆಮೇಲೆ ಸಚಿವ ಸಂಪುಟ, ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯಲ್ಲಿ ವಿಧೇಯಕದ ಕರಡು. ನಂತರ ವಿಧಾನಸಭೆ, ವಿಧಾನ ಪರಿಷತ್ತು. ಆಮೇಲೆ ರಾಜ್ಯಪಾಲರು. ಅವರು ರಾಷ್ಟ್ರಪತಿಗೆ ಕಾಯ್ದಿರಿಸುತ್ತಾರೆ. ದೆಹಲಿಯಲ್ಲಿ ಅದು ಮೊದಲು ಹೋಗುವುದು ಕೇಂದ್ರ ಗೃಹ ಸಚಿವಾಲಯಕ್ಕೆ. ಅವರು ಸಂಬಂಧಪಟ್ಟ ಬೇರೆ ಸಚಿವಾಲಯಗಳ ಅಭಿಪ್ರಾಯ ಕೇಳುತ್ತಾರೆ. ಪ್ರಶ್ನೆಗಳು ಬಂದರೆ ಬೆಂಗಳೂರಿಗೆ ಬರುತ್ತವೆ. ಬೆಂಗಳೂರು ಉತ್ತರ ಕೊಡದಿದ್ದರೆ ವಿಧೇಯಕ ಅಲ್ಲೇ ಮಲಗುತ್ತದೆ. ಜನ ಬೆನ್ನು ಹತ್ತಬೇಕಾದ ಜಾಗ ಇದು. ಸದನದಲ್ಲಿ ಪಾಸಾದ ದಿನ ಸಿಹಿ ಹಂಚಿ ಮನೆಗೆ ಹೋದರೆ ಅರ್ಧ ಕೆಲಸ ಬಾಕಿ.

1994ರ ಕಾಯ್ದೆಯ ಹೆಸರನ್ನೇ ನೋಡಿ, "ಹಿಂದೂ ಉತ್ತರಾಧಿಕಾರ (ಕರ್ನಾಟಕ ತಿದ್ದುಪಡಿ) ಅಧಿನಿಯಮ, 1990". ಹೆಸರಿನಲ್ಲಿ 1990, ಜಾರಿ 1994. ಆ ಅವಧಿಯಲ್ಲಿ ವೀರೇಂದ್ರ ಪಾಟೀಲ್, ಬಂಗಾರಪ್ಪ, ವೀರಪ್ಪ ಮೊಯಿಲಿ ಮೂವರು ಮುಖ್ಯಮಂತ್ರಿಗಳಾಗಿದ್ದರು. ಇನ್ನೊಂದು ಸಮಾಧಾನದ ವಿಷಯ. ಎರಡೂ ಸದನಗಳಲ್ಲಿ ಪಾಸಾಗಿ ಅಂಕಿತಕ್ಕೆ ಕಾಯುತ್ತಿರುವ ವಿಧೇಯಕ ವಿಧಾನಸಭೆ ವಿಸರ್ಜನೆಯಾದರೂ ಸಾಯುವುದಿಲ್ಲ. ಸದನದ ಒಳಗೇ ಬಾಕಿ ಇದ್ದರೆ ಮಾತ್ರ ಅಪಾಯ. ಹಾಗಾಗಿ ಚುನಾವಣೆ ಹತ್ತಿರವಿರುವಾಗ ಶುರು ಮಾಡಬೇಡಿ. ಹೊಸ ಸಭೆಯ ಮೊದಲೆರಡು ವರ್ಷ ಒಳ್ಳೆಯ ಕಾಲ.

ದೆಹಲಿಗೆ ಗಡುವು ಹಾಕಲೂ ಬರುವುದಿಲ್ಲ. ರಾಜ್ಯಪಾಲರಿಗಾಗಲಿ ರಾಷ್ಟ್ರಪತಿಗಾಗಲಿ ಕೋರ್ಟ್ ಕಾಲಮಿತಿ ವಿಧಿಸಲಾಗದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಅದಕ್ಕೇ ನಮ್ಮ ಸಂಸದರೂ ಬೇಕು. ರಾಜ್ಯದ ಎಲ್ಲ ಪಕ್ಷಗಳ ಸಂಸದರೂ.

ಅಮರ್_ನ್ಯೂಜೆರ್ಸಿ

ಇಲ್ಲಿ ನಮ್ಮ ಕನ್ನಡ ಕೂಟದಲ್ಲಿ ಬೆಂಗಳೂರಿನಲ್ಲಿ ಸ್ವಂತ ಫ್ಲಾಟ್ ಇರುವ ಹೆಣ್ಣುಮಕ್ಕಳು ಸಾಕಷ್ಟಿದ್ದಾರೆ. ಭಾರತದಲ್ಲಿರುವ ಆ ಫ್ಲಾಟಿಗೂ ಇದೇ ಸೆಕ್ಷನ್ ಅಲ್ವಾ? ಆನ್‌ಲೈನ್ ಸಹಿ ಸಂಗ್ರಹ ಮಾಡೋಣವಾ? ಲಕ್ಷ ಸಹಿ ಬಂದರೆ ಸರ್ಕಾರ ನೋಡಲೇಬೇಕು. ಮತ್ತೆ, ಉತ್ತರಾಖಂಡ ತನ್ನದೇ ಸಮಾನ ನಾಗರಿಕ ಸಂಹಿತೆ ಮಾಡಿತಲ್ಲ, ಅದರಲ್ಲಿ ಇದು ಹೇಗಿದೆ?

ನಿವೃತ್ತ_ವಿಧಾನಸೌಧ

ಹೌದು, ಇಲ್ಲಿರುವ ಫ್ಲಾಟಿಗೂ ಇದೇ. ವಿದೇಶದಲ್ಲಿರುವವರು ಮೊದಲು ವಿಲ್ ಬರೆದಿಡಲಿ.

ಆನ್‌ಲೈನ್ ಸಹಿಯಿಂದ ಪತ್ರಿಕೆಯಲ್ಲಿ ಸುದ್ದಿ ಬರಬಹುದು. ಫೈಲ್ ತೆರೆಯುವುದಿಲ್ಲ. ಶಾಸಕರ ಲೆಕ್ಕವೇ ಬೇರೆ. ತಮ್ಮ ಕ್ಷೇತ್ರದ ಮೂವತ್ತು ಹೆಂಗಸರು ಎದುರಿಗೆ ಬಂದು ಕೂತರೆ ಅವರು ಕೇಳುತ್ತಾರೆ. ಅದರಲ್ಲೂ ಸ್ವಸಹಾಯ ಸಂಘದವರು, ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕಿಯರು. ಸ್ವಂತ ದುಡಿಮೆ ಇರುವವರು ಅವರೇ, ಈ ಸೆಕ್ಷನ್ ತಟ್ಟುವುದೂ ಅವರಿಗೇ. ಶಿಕ್ಷಕರ ಸಂಘದ ಬೆಂಬಲ ಸಿಕ್ಕರೆ ಇನ್ನೂ ಒಳ್ಳೆಯದು. ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರದಿಂದ ಆರಿಸಿ ಬಂದ ಸದಸ್ಯರಿದ್ದಾರೆ. ಸುಮಾ ಅವರ ಅಕ್ಕ ಟೀಚರ್ ಆಗಿದ್ದವರು. ಅಲ್ಲಿಂದಲೇ ಶುರು ಮಾಡಿ ಅನ್ನುತ್ತೇನೆ.

ಶಾಸಕರಿಂದ ಏನು ಕೇಳಬೇಕು ಅನ್ನುವುದೂ ಸ್ಪಷ್ಟ ಇರಲಿ. "ಸಹಾಯ ಮಾಡಿ" ಅನ್ನಬೇಡಿ. ಈ ಅಧಿವೇಶನದಲ್ಲಿ ಒಂದು ಪ್ರಶ್ನೆ ಕೇಳಿ ಅನ್ನಿ. ಪ್ರಶ್ನೆಯನ್ನೂ ನೀವೇ ಬರೆದು ಕೊಡಿ: 207ನೇ ವರದಿಯ ಬಗ್ಗೆ ರಾಜ್ಯ ಸರ್ಕಾರದ ನಿಲುವೇನು, ಸೆಕ್ಷನ್ 15ಕ್ಕೆ ರಾಜ್ಯ ತಿದ್ದುಪಡಿ ತರುವ ಪ್ರಸ್ತಾವ ಇದೆಯೇ? ಸಚಿವರು ಸದನದಲ್ಲಿ ಉತ್ತರ ಕೊಡಬೇಕು ಅಂದರೆ ಇಲಾಖೆಯಲ್ಲಿ ಯಾರಾದರೂ ಕೂತು ಆ ವಿಷಯ ಓದಲೇಬೇಕು. ಫೈಲ್ ಹುಟ್ಟುವುದು ಅಲ್ಲಿ. ಖಾಸಗಿ ಸದಸ್ಯರ ವಿಧೇಯಕ ಮಂಡಿಸಲೂ ಅವಕಾಶ ಇದೆ. ಅದು ಪಾಸಾಗುವುದು ತೀರಾ ಕಡಿಮೆ. ಆದರೆ ಚರ್ಚೆಗೆ ಬಂದಾಗ "ಸರ್ಕಾರವೇ ತರುತ್ತದೆ, ಹಿಂಪಡೆಯಿರಿ" ಎಂಬ ಭರವಸೆ ಸಿಕ್ಕರೆ ಅದು ಕಡತದಲ್ಲಿ ಉಳಿಯುತ್ತದೆ. ವಿಧಾನಸಭೆಗೆ ಅರ್ಜಿಗಳ ಸಮಿತಿ ಎಂಬುದೂ ಇದೆ. ಅದರ ಬಗ್ಗೆ ಜನರಿಗೆ ಗೊತ್ತೇ ಇಲ್ಲ. ಶಾಸಕರ ಮೂಲಕ ಅಲ್ಲಿಗೂ ಅರ್ಜಿ ಕೊಡಿ.

ವಕೀಲ_ಧಾರವಾಡ

ಉತ್ತರಾಖಂಡದ ಬಗ್ಗೆ. ಸಮಾನ ನಾಗರಿಕ ಸಂಹಿತೆಯ ಪರ-ವಿರೋಧ ಬೇರೆ ದೊಡ್ಡ ಚರ್ಚೆ, ಅದನ್ನು ಇಲ್ಲಿ ಎಳೆಯುವುದು ಬೇಡ. ನಮಗೆ ಬೇಕಾದದ್ದು ಇಷ್ಟೇ. ಒಂದು ರಾಜ್ಯ ವಾರಸು ನಿಯಮವನ್ನೇ ಹೊಸದಾಗಿ ಬರೆಯಿತು, 2024ರಲ್ಲಿ ರಾಷ್ಟ್ರಪತಿ ಅಂಕಿತ ಸಿಕ್ಕಿತು, 2025ರ ಜನವರಿಯಲ್ಲಿ ಜಾರಿಗೂ ಬಂತು. ಅದರಲ್ಲಿ ಸತ್ತವರು ಗಂಡೋ ಹೆಣ್ಣೋ ಎಂದು ವಾರಸಿನ ಸಾಲು ಬದಲಾಗುವುದಿಲ್ಲ. ತಂದೆ ತಾಯಿ ಮೊದಲ ದರ್ಜೆಯಲ್ಲೇ ಇದ್ದಾರೆ. ನಾವು ಕೇಳುತ್ತಿರುವುದು ಅದಕ್ಕಿಂತ ತುಂಬಾ ಸಣ್ಣದು.

ಮೇಷ್ಟ್ರು_ರಾಯಚೂರು

ಕೋರ್ಟಿಗೆ ಹೋದರೆ ಬೇಗ ಆಗುವುದಿಲ್ಲವಾ? ಬಾಲ್ಯವಿವಾಹದ ಕಾನೂನು ಬಂದದ್ದೂ ಹೈಕೋರ್ಟಿನಿಂದಲೇ ಅಂತ ಓದಿದ ನೆನಪು. ನಮ್ಮ ಕಡೆ ಆ ಕಾನೂನು ಬಂದ ಮೇಲೆ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಹೇಳಲು ನಮಗೆ ಒಂದು ಗಟ್ಟಿ ಮಾತು ಸಿಕ್ಕಿತು. "ಅದು ಮದುವೆಯೇ ಅಲ್ಲ" ಅಂತ ಹೇಳಬಹುದು.

ವಕೀಲ_ಧಾರವಾಡ

ಮೇಷ್ಟ್ರೇ, ಅರ್ಧ ಹೌದು. ಹೈಕೋರ್ಟಿನಲ್ಲಿ ಬಾಲ್ಯವಿವಾಹದ ಬಗ್ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಇತ್ತು. ಅದರಲ್ಲಿ ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ ಬಂತು, 2011ರಲ್ಲಿ ವರದಿ ಕೊಟ್ಟಿತು. ಆ ವರದಿಯ ಶಿಫಾರಸು ಕಾನೂನಾಗಲು ಮತ್ತೆ ಸುಮಾರು ಆರು ವರ್ಷ ಬೇಕಾಯಿತು. ಅಲ್ಲೂ ವಾಕ್ಯ ತಿದ್ದಿದ್ದು ವಿಧಾನಮಂಡಲವೇ. ಕೋರ್ಟ್ ಬಾಗಿಲು ತೆರೆಯಿತು.

ಸೆಕ್ಷನ್ 15ರ ವಿಷಯದಲ್ಲಿ ಕೋರ್ಟ್ ಈಗ ಹಿಂದೆ ಸರಿದು ನಿಂತಿದೆ. 2025ರ ನವೆಂಬರ್‌ನಲ್ಲಿ ಒಬ್ಬ ವಕೀಲೆ ಹಾಕಿದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ ಸರಿಯೋ ತಪ್ಪೋ ಎಂಬುದನ್ನು ತೀರ್ಮಾನಿಸಲಿಲ್ಲ. ಬದಲಿಗೆ ಹೆಣ್ಣುಮಕ್ಕಳೆಲ್ಲ, ಮುಖ್ಯವಾಗಿ ಹಿಂದೂ ಮಹಿಳೆಯರು, ವಿಲ್ ಬರೆದಿಡಿ ಎಂದು ಕೇಳಿಕೊಂಡಿತು. ಅದು ಒಳ್ಳೆಯ ಸಲಹೆಯೇ. ಆದರೆ ವಿಲ್ ಬರೆಯದ ಹೆಣ್ಣಿಗೆ ತಾನೇ ಈ ಕಾನೂನು ಇರುವುದು? ಬೀಡಿ ಕಟ್ಟುವವಳು, ಗಾರ್ಮೆಂಟ್ಸ್‌ಗೆ ಹೋಗುವವಳು, ಮನೆಕೆಲಸ ಮಾಡಿ ಒಂದು ಸೈಟ್ ತೆಗೆದುಕೊಂಡವಳು, ಇವರಿಗೆಲ್ಲ ವಿಲ್ ಬಗ್ಗೆ ಹೇಳುವವರು ಯಾರು?

ಕೋರ್ಟಿನ ದಾರಿ ಕೆಲಸ ಮಾಡಿದ್ದೂ ಇದೆ. ಕ್ರೈಸ್ತ ದಂಪತಿಗಳು ಪರಸ್ಪರ ಒಪ್ಪಿ ವಿಚ್ಛೇದನ ಕೇಳಲು ಎರಡು ವರ್ಷ ಬೇರೆ ಇರಬೇಕಿತ್ತು, ಉಳಿದವರಿಗೆ ಒಂದೇ ವರ್ಷ. 2010ರಲ್ಲಿ ಕೇರಳ ಹೈಕೋರ್ಟ್, ನಂತರ ನಮ್ಮ ಹೈಕೋರ್ಟ್ ಅದನ್ನು ಒಂದು ವರ್ಷಕ್ಕೆ ಇಳಿಸಿದವು. ಹಾಗಾಗಿ ಆ ದಾರಿ ಮುಚ್ಚಿಲ್ಲ. ಆದರೆ ಅದನ್ನೇ ನಂಬಿ ಕೂರುವುದು ಬೇಡ.

ಸೆಲ್ವಿ_ಬೆಂಗಳೂರು

ನಾನು ತಮಿಳಿನವಳು, ಹುಟ್ಟಿ ಬೆಳೆದದ್ದು ಇಲ್ಲೇ. ನಮ್ಮ ಅಜ್ಜ-ಅಜ್ಜಿಯದು ಸುಯಮರಿಯಾದೈ ಮದುವೆ. ಪುರೋಹಿತರಿಲ್ಲ, ಹೋಮ ಇಲ್ಲ, ಹಾರ ಬದಲಾಯಿಸಿ ಮಾತು ಕೊಟ್ಟುಕೊಳ್ಳುವುದು. ಪೆರಿಯಾರ್ ಕಾಲದಿಂದ ಎಷ್ಟೋ ಜನ ಹಾಗೆ ಮದುವೆಯಾಗುತ್ತಲೇ ಇದ್ದರು. 1950ರ ದಶಕದಲ್ಲಿ ಮದ್ರಾಸ್ ಹೈಕೋರ್ಟ್ ಅಂಥ ಮದುವೆ ಸಿಂಧು ಅಲ್ಲ ಎಂದಿತು. ಜನ ನಿಲ್ಲಿಸಲಿಲ್ಲ. ಕೊನೆಗೆ 1967ರಲ್ಲಿ ಅಣ್ಣಾದುರೈ ಸರ್ಕಾರ ಹಿಂದೂ ವಿವಾಹ ಕಾಯ್ದೆಗೆ 7ಎ ಸೆಕ್ಷನ್ ಸೇರಿಸಿತು. ಅದೂ ರಾಜ್ಯ ತಿದ್ದುಪಡಿಯೇ. ಅದರ ಮಾತು ನೋಡಿ, ಜಾರಿಗೆ ಮೊದಲು ಆದ ಮದುವೆಗಳನ್ನೂ ಅದು ಒಳಗೆ ಸೇರಿಸಿಕೊಂಡಿತು. ನಮ್ಮ ಅಜ್ಜಿಯನ್ನು ಹೊರಗೆ ಬಿಡಲಿಲ್ಲ. ಗಿರಿಜಾ ಅವರ ಮಾತು ಓದಿ ಇದನ್ನು ಹೇಳಬೇಕು ಅನ್ನಿಸಿತು.

ಗಿರಿಜಾ_ಶಿವಮೊಗ್ಗ

ನೋಡಿ, ಬರೆಯಲು ಮನಸ್ಸಿದ್ದರೆ ಬರೆಯಬಹುದು. ಧನ್ಯವಾದ ಸೆಲ್ವಿ.

ಸುಮಾ_ಹಾಸನ

ವಕೀಲರೇ, ಹಾಗಾದರೆ ನಮ್ಮ ವಾಕ್ಯ ಹೇಗಿರಬೇಕು? ಈಗಾಗಲೇ ತೀರಿಕೊಂಡವರ ಆಸ್ತಿಗೂ ಅನ್ವಯಿಸುವ ಹಾಗೆ ಬರೆಯಬಹುದಾ?

ವಕೀಲ_ಧಾರವಾಡ

ನೇರವಾಗಿ ಹೇಳುತ್ತೇನೆ ಸುಮಾ ಅವರೇ. ವಾರಸು ತೆರೆಯುವುದು ವ್ಯಕ್ತಿ ತೀರಿಕೊಂಡ ಕ್ಷಣದಲ್ಲಿ. ಆ ಕ್ಷಣಕ್ಕೆ ಯಾರಿಗೆ ಹಕ್ಕು ಬಂತೋ ಅದನ್ನು ಹಿಂದಿನಿಂದ ಕಸಿದುಕೊಳ್ಳುವ ಕಾನೂನು ಬರೆದರೆ ದೆಹಲಿಯಲ್ಲೇ ಅದಕ್ಕೆ ತಡೆ ಬೀಳುತ್ತದೆ, ಅಲ್ಲಿ ದಾಟಿದರೂ ಕೋರ್ಟಿನಲ್ಲಿ ಬಿದ್ದುಹೋಗುತ್ತದೆ. ಮದುವೆಗೆ ಮಾನ್ಯತೆ ಕೊಡುವುದು ಬೇರೆ, ಒಬ್ಬರಿಂದ ಆಸ್ತಿ ತೆಗೆದು ಇನ್ನೊಬ್ಬರಿಗೆ ಕೊಡುವುದು ಬೇರೆ. ನಿಮ್ಮ ಅಮ್ಮನಿಗೆ ಇದರಿಂದ ಮನೆ ವಾಪಸ್ ಬರುವುದಿಲ್ಲ. ಅದನ್ನು ತಿಳಿದೇ ಈ ಕೆಲಸಕ್ಕೆ ಇಳಿಯಬೇಕು.

ಮುಂದಿನವರಿಗಾಗಿ ನನ್ನ ಕರಡು ಹೀಗೆ:

"ಸೆಕ್ಷನ್ 15ರಲ್ಲಿ ಏನೇ ಇದ್ದರೂ, ಹಿಂದೂ ಮಹಿಳೆಯು ತನ್ನ ದುಡಿಮೆ, ವೃತ್ತಿ, ವ್ಯಾಪಾರ ಅಥವಾ ಕೌಶಲದಿಂದ ಗಳಿಸಿದ ಆಸ್ತಿ, ಮತ್ತು ಆ ಗಳಿಕೆಯಿಂದ ಕೊಂಡ ಆಸ್ತಿ, ಆಕೆಗೆ ಮಕ್ಕಳಾಗಲಿ, ಮೊದಲೇ ತೀರಿಕೊಂಡ ಮಕ್ಕಳ ಮಕ್ಕಳಾಗಲಿ, ಗಂಡನಾಗಲಿ ಇಲ್ಲದಿದ್ದಾಗ, ಮೊದಲು ತಾಯಿ ಮತ್ತು ತಂದೆಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ ಮತ್ತು ಗಂಡನ ವಾರಸುದಾರರಿಗೆ ಸಮನಾಗಿ ಹೋಗತಕ್ಕದ್ದು. ಆಕೆಯ ಮದುವೆ 'ಯಾವಾಗ ಆಗಿದ್ದರೂ', ಆಸ್ತಿ 'ಯಾವಾಗ ಗಳಿಸಿದ್ದರೂ', ಈ ಅಧಿನಿಯಮ ಜಾರಿಯಾದ ನಂತರ ಆಕೆ ತೀರಿಕೊಂಡಲ್ಲಿ ಇದು ಅನ್ವಯಿಸತಕ್ಕದ್ದು."

ಕೊನೆಯ ವಾಕ್ಯ ಗಿರಿಜಾ ಅವರಿಗಾಗಿ.

ಉಡುಪಿ_ಮಗಳು

ಇದರಲ್ಲಿ ಒಂದು ಕೊರತೆ ಇದೆ. ನಮ್ಮ ಸೆಕ್ಷನ್ 17ರಲ್ಲಿ ತಾಯಿ ಮಕ್ಕಳ ಜೊತೆಗೇ ಬರುತ್ತಾಳೆ. ಗಂಡ ಇದ್ದರೂ ತಾಯಿಗೆ ಪಾಲು. ನಿಮ್ಮ ಕರಡಿನಲ್ಲಿ ಗಂಡ ಬದುಕಿದ್ದರೆ ತಾಯಿಗೆ ಏನೂ ಇಲ್ಲ. ಮಗಳ ಸಂಬಳದಲ್ಲೇ ಬದುಕುತ್ತಿದ್ದ ತಾಯಿ ಏನು ಮಾಡಬೇಕು? ಗಂಡು ಸತ್ತರೆ ಅವನ ತಾಯಿಗೆ ಪಾಲು, ಹೆಣ್ಣು ಸತ್ತರೆ ಇಲ್ಲ ಅನ್ನುವ ಮೂಲ ಅನ್ಯಾಯ ಹಾಗೇ ಉಳಿಯಿತಲ್ಲ?

ವಕೀಲ_ಧಾರವಾಡ

ನಿಮ್ಮ ಮಾತು ನ್ಯಾಯ. ನಾನು ಬೇಕಂತಲೇ ಚಿಕ್ಕದಾಗಿ ಇಟ್ಟಿದ್ದೇನೆ. ಗಂಡನ ಪಾಲು ಕಡಿಮೆಯಾಗುತ್ತದೆ ಅಂದ ಕೂಡಲೇ ಸದನದಲ್ಲಿ ವಿರೋಧ ಏಳುತ್ತದೆ. ಗಂಡ, ಮಕ್ಕಳು ಇಲ್ಲದಾಗ ಭಾವಂದಿರಿಗಿಂತ ತಾಯಿ ಮುಂದೆ ಅನ್ನುವುದಕ್ಕೆ ಎದ್ದು ನಿಂತು ವಿರೋಧಿಸುವ ಶಾಸಕರು ನನ್ನ ಪ್ರಕಾರ ಸಿಗುವುದಿಲ್ಲ.

ಗಿರಿಜಾ_ಶಿವಮೊಗ್ಗ

1994ರಲ್ಲೂ ಯಾರೋ ಹೀಗೆಯೇ ಯೋಚಿಸಿರಬೇಕು, "ಈಗ ಇಷ್ಟು ಆಗಲಿ" ಅಂತ. ದೊಡ್ಡದನ್ನೇ ಕೇಳೋಣ. ಇಳಿಸುವವರು ಸದನದಲ್ಲಿ ಇಳಿಸಲಿ, ಯಾರು ಇಳಿಸಿದರು ಅಂತ ದಾಖಲೆಯಲ್ಲಿ ಇರಲಿ. ನಾವೇ ಇಳಿಸಿಕೊಂಡು ಹೋಗುವುದು ಬೇಡ.

ನಿವೃತ್ತ_ವಿಧಾನಸೌಧ

ಎರಡನ್ನೂ ಕೊಡಿ. ಮೊದಲ ಕರಡು ತಾಯಿಗೆ ಮೊದಲ ಸಾಲು, ಸೆಕ್ಷನ್ 17ರ ಹಾಗೆ. ಎರಡನೆಯದು ವಕೀಲರು ಬರೆದದ್ದು. ಮನವಿಯಲ್ಲಿ ಮೊದಲನೆಯದನ್ನು ಕೇಳಿ, ಅದಾಗದಿದ್ದರೆ ಕನಿಷ್ಠ ಎರಡನೆಯದು ಎಂದು ಬರೆಯಿರಿ. ಇಲಾಖೆಗಳಲ್ಲಿ ಇದು ಮಾಮೂಲಿ.

ಮನವಿ ನಾಲ್ಕು ಪುಟ ದಾಟಬಾರದು. ಮೊದಲ ಪುಟದಲ್ಲಿ ಗಂಡು ಸತ್ತರೆ ಯಾರಿಗೆ, ಹೆಣ್ಣು ಸತ್ತರೆ ಯಾರಿಗೆ, ಅಳಿಯಸಂತಾನದ ಹೆಣ್ಣು ಸತ್ತರೆ ಯಾರಿಗೆ ಅಂತ ಮೂರು ಕಾಲಂ ಹಾಕಿ. ಅದನ್ನು ನೋಡಿದವರಿಗೆ ಮುಂದೆ ವಿವರಿಸುವುದೇ ಬೇಡ. ಜೊತೆಗೆ 207ನೇ ವರದಿ, ನಾರಾಯಣಿ ದೇವಿ ಪ್ರಕರಣ, ನಮ್ಮ 1994 ಮತ್ತು 2017ರ ತಿದ್ದುಪಡಿಗಳು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕುಗಳ ಕಾಯ್ದೆ ಮಾಡಿತ್ತು, ಬ್ರಿಟಿಷ್ ಇಂಡಿಯಾದ ಕಾಯ್ದೆ ಬಂದದ್ದು 1937ರಲ್ಲಿ. ಅದನ್ನೂ ಒಂದು ಸಾಲು ಸೇರಿಸಿ. ಶಾಸಕರಿಗೆ ಭಾಷಣದಲ್ಲಿ ಹೇಳಲು ಇಷ್ಟವಾಗುತ್ತದೆ.

ಅದಕ್ಕೂ ಮೊದಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು, ಮೀರಿದರೆ ಅದೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಸೆಕ್ಷನ್ 15ರ ತಿದ್ದುಪಡಿ ಬಗ್ಗೆ ಇಲಾಖೆಯಲ್ಲಿ ಯಾವುದಾದರೂ ಕಡತ ಇದೆಯೇ, ಇದ್ದರೆ ಅದರ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ, ಅಷ್ಟೇ ಕೇಳಿ. ಹಳೆಯ ಕಡತ ಸಿಕ್ಕರೆ ಅಲ್ಲಿ ಯಾರು ಏನು ಆಕ್ಷೇಪ ಎತ್ತಿದ್ದರು ಅಂತ ಗೊತ್ತಾಗುತ್ತದೆ. ಅದಕ್ಕೆ ಉತ್ತರ ಸಿದ್ಧ ಮಾಡಿಕೊಂಡು ಹೋಗಬಹುದು. ಕರ್ನಾಟಕ ಕಾನೂನು ಆಯೋಗಕ್ಕೂ ರಾಜ್ಯ ಮಹಿಳಾ ಆಯೋಗಕ್ಕೂ ಪ್ರತಿ ಕಳಿಸಿ.

ರವಿ_ಮಂಡ್ಯ

ನಾನು ಇದನ್ನೆಲ್ಲ ಓದಿ ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತಾಳೆ. ಅವಳ ತಾಯಿಗೂ ಅವಳೊಬ್ಬಳೇ ಮಗಳು. ಮಂಡ್ಯದಲ್ಲಿ ಹೆಂಗಸರನ್ನು ಸೇರಿಸುವ ಕೆಲಸ ನಾವಿಬ್ಬರೂ ನೋಡಿಕೊಳ್ಳುತ್ತೇವೆ. ವಿಲ್ ಬರೆಯುವುದು ಹೇಗೆ ಅಂತಲೂ ಅದೇ ಸಭೆಯಲ್ಲಿ ಹೇಳಿಕೊಡಬಹುದಾ ವಕೀಲರೇ?

ವಕೀಲ_ಧಾರವಾಡ

ಖಂಡಿತ ಹೇಳಿಕೊಡಿ. ಕಷ್ಟವೇನಿಲ್ಲ. ಬಿಳಿ ಹಾಳೆ ಸಾಕು, ಸ್ಟಾಂಪ್ ಪೇಪರ್ ಬೇಡ. ಯಾವ ಆಸ್ತಿ ಯಾರಿಗೆ ಅಂತ ಸ್ಪಷ್ಟವಾಗಿ ಬರೆದು ಸಹಿ ಹಾಕಬೇಕು. ಇಬ್ಬರು ಸಾಕ್ಷಿಗಳೂ ಸಹಿ ಹಾಕಬೇಕು. ಆಸ್ತಿ ಪಡೆಯುವವರು ಸಾಕ್ಷಿ ಆಗದಿರುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿದರೆ ಮುಂದೆ ತಕರಾರು ಕಡಿಮೆ. ಬ್ಯಾಂಕಿನಲ್ಲಿ ನಾಮಿನಿ ಹಾಕಿದ್ದೇನೆ ಅಂತ ಸುಮ್ಮನಿರಬೇಡಿ. ಸಾಮಾನ್ಯವಾಗಿ ನಾಮಿನಿ ಹಣ ಪಡೆಯುವವನು ಮಾತ್ರ, ಮಾಲೀಕನಲ್ಲ.

ಸುಮಾ_ಹಾಸನ

ಎಲ್ಲರಿಗೂ ಧನ್ಯವಾದ. ಮಾಹಿತಿ ಹಕ್ಕಿನ ಅರ್ಜಿಯನ್ನು ಈ ವಾರವೇ ಹಾಕುತ್ತೇನೆ. ಅಕ್ಕನ ಜೊತೆ ಕೆಲಸ ಮಾಡಿದ ಟೀಚರ್‌ಗಳ ಜೊತೆ ಮಾತಾಡಿದೆ. ಅವರಲ್ಲಿ ಗಂಡನಿಲ್ಲದ, ಮಕ್ಕಳಿಲ್ಲದ ಇಬ್ಬರಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಶಿಕ್ಷಕರ ಕ್ಷೇತ್ರದ ಪರಿಷತ್ ಸದಸ್ಯರನ್ನು ಭೇಟಿ ಮಾಡಲು ಅವರೂ ಬರುತ್ತಾರೆ.

ಮೂರು ಕಾಲಂನ ಪಟ್ಟಿಯನ್ನು ಉಡುಪಿ ಅಕ್ಕ ಮಾಡಿಕೊಡುತ್ತೇನೆ ಅಂದಿದ್ದಾರೆ. ಮೊದಲ ಕರಡನ್ನು ಗಿರಿಜಾ ಅಕ್ಕ ಮತ್ತು ವಕೀಲರು ಸೇರಿ ಬರೆಯಲಿ. ಮದುವೆಯ ತಾರೀಕಿನ ಸಾಲು ಎಲ್ಲೂ ನುಸುಳದ ಹಾಗೆ ಗಿರಿಜಾ ಅಕ್ಕ ನೋಡಿಕೊಳ್ಳಬೇಕು. ಬೇರೆ ಜಿಲ್ಲೆಯವರು ಯಾರಾದರೂ ಇದ್ದರೆ ನಿಮ್ಮ ಶಾಸಕರ ಹೆಸರು, ಅವರು ಯಾವ ಸಮಿತಿಯಲ್ಲಿದ್ದಾರೆ ಅನ್ನುವುದನ್ನು ಕೆಳಗೆ ಬರೆಯಿರಿ. ಕಲಬುರಗಿ, ಬೀದರ್ ಕಡೆಯವರು ಇನ್ನೂ ಯಾರೂ ಬಂದಿಲ್ಲ.